ಸ್ಮಾರ್ಟ್‌ಫೋನ್ ಹೊರದೆ, ಟವರ್ ನಂಬದೆ ಮನೆಯವರಿಗೆ ಮಾತು ಮುಟ್ಟಿಸುವುದು ಹೇಗೆ?

ಘಟ್ಟದ ಮೇಲಿನ ಮನೆ
ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ತಾಲೂಕು, ದೇವಿಮನೆ ಘಟ್ಟದ ಹತ್ತಿರ. ಮನೆ ಮೇಲೆ, ತೋಟ ಕೆಳಗೆ ಕಣಿವೆಯಲ್ಲಿ, ಭಾವನವರ ಮನೆ ಗುಡ್ಡದ ಆಚೆ ಮಗ್ಗುಲಿಗೆ. ತೋಟಕ್ಕೆ ಇಳಿದವರಿಗೆ, ಆಚೆ ಮನೆಯವರಿಗೆ ಎರಡು ಮಾತು ಮುಟ್ಟಿಸಬೇಕು. ಅದಕ್ಕೆ ಸ್ಮಾರ್ಟ್‌ಫೋನ್ ಬೇಡ ಅನ್ನಿಸಿಬಿಟ್ಟಿದೆ.

ಕಾರಣ ಎರಡು. ಮಳೆಗಾಲದಲ್ಲಿ ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಆಮೇಲೆ ಮರ ಬಿದ್ದರೂ, ಯಾರಾದರೂ ಜಾರಿ ಬಿದ್ದರೂ ಓಡಿಯೇ ಹೋಗಿ ಹೇಳಬೇಕು. ಇನ್ನೊಂದು, ನಾನು ಎಲ್ಲಿದ್ದೇನೆ, ಯಾರ ಜತೆ ಮಾತಾಡಿದೆ, ಯಾವ ಔಷಧಿಯ ರೇಟು ಹುಡುಕಿದೆ ಎಂಬುದನ್ನೆಲ್ಲ ಈ ಫೋನು ದಿನವಿಡೀ ಯಾರಿಗೋ ವರದಿ ಒಪ್ಪಿಸುತ್ತಿರುತ್ತದೆ. ಅದು ನನಗೆ ಸುತಾರಾಂ ಇಷ್ಟವಿಲ್ಲ. ಬ್ಯಾಂಕು, ಒಟಿಪಿಗೆ ಮನೆಯಲ್ಲಿ ಒಂದು ಫೋನ್ ಇರಲಿ, ತಕರಾರಿಲ್ಲ. ಸೊಂಟಕ್ಕೆ ಕಟ್ಟಿಕೊಂಡು ತಿರುಗುವುದು ಬೇಡ.

ವಾಕಿಟಾಕಿಯೋ, ಸ್ಯಾಟಲೈಟ್ ಫೋನೋ, ರೇಡಿಯೋ ಅಲೆಯಲ್ಲೇ ಅಕ್ಷರದ ಮೆಸೇಜು ಕಳಿಸುವ, ಈಗ ಬಂದಿರುವ ಲೋರಾ ಡಬ್ಬಿಯೋ? ಯಾವುದು ಕಾನೂನಿಗೆ ಸರಿ, ಯಾವುದು ನಮ್ಮ ಕಾಡಿನಲ್ಲಿ ನಿಜಕ್ಕೂ ನಡೆಯುತ್ತದೆ? ಅತ್ತೆಗೂ ಒತ್ತಲು ಬರುವಂತಿರಬೇಕು.

ಕುಮಟೆ ಪೇಟೆ
ಬಟನ್ ಫೋನ್ ಸಾಕಲ್ಲ ಅಕ್ಕ. ವಾರಕ್ಕೊಮ್ಮೆ ಚಾರ್ಜು, ಬಿದ್ದರೂ ಒಡೆಯೋದಿಲ್ಲ, ಯಾವ ಆ್ಯಪೂ ಇಲ್ಲ. ಇಷ್ಟಕ್ಕೆಲ್ಲ ಡಬ್ಬಿ ಎಂತಕ್ಕೆ?

ಸಿದ್ದಾಪುರದವ, ಸದ್ಯ ಬೆಂಗಳೂರು
ಬಟನ್ ಫೋನಿನಿಂದ ಆ್ಯಪುಗಳ ಕಾಟ ತಪ್ಪುತ್ತದೆ, ಅದು ಸಣ್ಣದಲ್ಲ. ಆದರೆ ಖಾಸಗಿತನ ಸಿಕ್ಕಿತು ಅಂದುಕೊಳ್ಳಬೇಡಿ. ಯಾವ ಟವರಿನಡಿ ಇದ್ದಿರಿ, ಯಾರಿಗೆ ಎಷ್ಟು ಹೊತ್ತಿಗೆ ಕರೆ ಮಾಡಿದಿರಿ ಎಂಬ ದಾಖಲೆ ಕಂಪನಿ ಹತ್ತಿರ ಇರುತ್ತದೆ, ಅದನ್ನು 2 ವರ್ಷ ಇಟ್ಟುಕೊಳ್ಳಬೇಕು ಅಂತ 2021ರಲ್ಲೇ ಲೈಸೆನ್ಸ್ ಷರತ್ತು ಬದಲಾಗಿದೆ. ಎಸ್‌ಎಂಎಸ್‌ಗೆ ಆ ತುದಿಯಿಂದ ಈ ತುದಿಯವರೆಗೆ ಗೂಢಲಿಪಿ ಇಲ್ಲ, ಕಂಪನಿಯ ಯಂತ್ರದಲ್ಲಿ ಅದು ಬಿಚ್ಚು ಅಕ್ಷರ. ಇನ್ನು ಅಕ್ಕ ಹೇಳಿದ ಮೊದಲನೇ ತೊಂದರೆಗೆ ಅದು ಉತ್ತರವೇ ಅಲ್ಲ. ಟವರ್ ಸತ್ತರೆ ಬಟನ್ ಫೋನೂ ಸತ್ತ ಹಾಗೇ.

ಕುಮಟೆ ಪೇಟೆ
ನಮ್ಮಂಥವರ ಕರೆ ಪಟ್ಟಿ ತಗೊಂಡು ಯಾರು ಏನು ಮಾಡ್ತಾರೆ ಹೇಳಿ. ಮುಚ್ಚಿಡೋದು ಏನಿದೆ?

ಅಂಕೋಲೆ ಮಾಸ್ತರು
ಮುಚ್ಚಿಡುವುದು ಇದ್ದವರಿಗೆ ಮಾತ್ರ ಖಾಸಗಿತನ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ಆಗ ಎಂಬತ್ತು ದಾಟಿದ ಹಿರಿಯರು. ಮನೆಯ ಹೆಣ್ಣುಮಗಳು ತಾನು ಎಲ್ಲಿ ತಿರುಗಿದೆ ಎಂಬುದು ಪರರಿಗೆ ಗೊತ್ತಾಗಬಾರದು ಅಂದರೆ ಅದಕ್ಕೆ ಕಾರಣ ಕೊಡಬೇಕಾದ್ದೇ ಇಲ್ಲ.

ಯಲ್ಲಾಪುರ ಹುಡುಗ
ಸ್ಯಾಟಲೈಟ್ ಫೋನೇ ಬೆಸ್ಟ್. ದುಬೈನಿಂದ ಬರುವವರ ಹತ್ತಿರ ತುರಾಯಾ ತರಿಸಿಕೊಂಡರೆ ಆಯ್ತು. ಆಕಾಶ ಕಂಡರೆ ಸಾಕು.

ಹೊನ್ನಾವರ ಹ್ಯಾಮ್
ತಮ್ಮಾ, ಈ ಸಲಹೆ ಯಾರಿಗೂ ಕೊಡಬೇಡ. ಅನುಮತಿ ಇಲ್ಲದೆ ತುರಾಯಾ, ಇರಿಡಿಯಂ ಫೋನ್ ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ. ಮುಂಬೈ ದಾಳಿಯ ನಂತರ ಇನ್ನೂ ಬಿಗಿ ಮಾಡಿದ್ದಾರೆ. 2024ರ ಡಿಸೆಂಬರಿನಲ್ಲಿ ಪಕ್ಕದ ಗೋವಾ ವಿಮಾನ ನಿಲ್ದಾಣದಲ್ಲೇ, ಚಾರಣಿಗರು ಒಯ್ಯುವ ಗಾರ್ಮಿನ್ ಇನ್‌ರೀಚ್ ಎಂಬ ಅಂಗೈಯಷ್ಟು ಸಾಧನ ಚೀಲದಲ್ಲಿತ್ತು ಅಂತ ವಿದೇಶಿ ಪ್ರವಾಸಿಯ ಮೇಲೆ ಕೇಸಾಯಿತು. ಕಾನೂನಿನ ದಾರಿ ಬೇಕಾದರೆ ಬಿಎಸ್‌ಎನ್‌ಎಲ್ ಮೂಲಕ ಸಿಗುವ ಇನ್‌ಮಾರ್‌ಸ್ಯಾಟ್ ಸೇವೆ ಇದೆ, ಆದರೆ ಅದು ಮನೆ ಖರ್ಚಿನಲ್ಲಿ ಆಗುವಂಥದ್ದಲ್ಲ.

ನಮ್ಮ ಜಿಲ್ಲೆಯಲ್ಲಂತೂ ಇನ್ನೂ ಎಚ್ಚರ ಬೇಕು. ಕಾಡಿನಲ್ಲಿ ಸ್ಯಾಟಲೈಟ್ ಫೋನಿನ ಸಿಗ್ನಲ್ ಪತ್ತೆ ಅಂತ ಪೇಪರಿನಲ್ಲಿ ಆಗಾಗ ಬರುತ್ತದಲ್ಲ. ಒಂದು ಕಡೆ ಐಎನ್‌ಎಸ್ ಕದಂಬ ನೌಕಾನೆಲೆ, ಇನ್ನೊಂದು ಕಡೆ ಕೈಗಾ ಅಣು ವಿದ್ಯುತ್ ಸ್ಥಾವರ. ಅಂಥ ಸಿಗ್ನಲ್ ಹುಡುಕಿಕೊಂಡು ಪೊಲೀಸರು ಬಂದೇ ಬರುತ್ತಾರೆ. ಬರಲೇಬೇಕು ಕೂಡ.

ಯಲ್ಲಾಪುರ ಹುಡುಗ
ಸರಿ ಅಣ್ಣ, ಅದು ಬೇಡ. ಹಾಗಾದ್ರೆ ಆನ್‌ಲೈನಲ್ಲಿ ಸಿಗೋ ಬಾವೊಫೆಂಗ್ ವಾಕಿಟಾಕಿ? ಟ್ರೆಕ್ಕಿಂಗ್‌ನವರೆಲ್ಲ ಹಿಡ್ಕೊಂಡಿರ್ತಾರೆ.

ಹೊನ್ನಾವರ ಹ್ಯಾಮ್
ಹಿಡಿದುಕೊಂಡವರಲ್ಲಿ ಲೈಸೆನ್ಸ್ ಇರುವವರು ಎಷ್ಟು ಮಂದಿ ಕೇಳಿ ನೋಡು. ಅದು ಹ್ಯಾಮ್, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವರ ಬ್ಯಾಂಡಿನಲ್ಲೂ ಹೋಗುತ್ತದೆ, ಪೊಲೀಸ್, ಹಡಗಿನವರ ಬ್ಯಾಂಡಿಗೂ ನುಗ್ಗುತ್ತದೆ. ಲೈಸೆನ್ಸ್ ಬೇಡದ ವಾಕಿಟಾಕಿ ಬೇರೆಯೇ ಇದೆ. 2018ರಲ್ಲಿ 446.0ರಿಂದ 446.2 ಮೆಗಾಹರ್ಟ್ಸ್ ತರಂಗಪಟ್ಟಿಯನ್ನು ಅರ್ಧ ವಾಟ್ ಮಿತಿಯೊಳಗೆ ಮುಕ್ತ ಮಾಡಿದ್ದಾರೆ. ಸೆಟ್ಟಿಗೆ ದೂರಸಂಪರ್ಕ ಇಲಾಖೆಯ ಇಟಿಎ, ಅಂದರೆ ಸಾಧನದ ಮಾದರಿಗೆ ಕೊಡುವ ಅನುಮೋದನೆ ಇರಬೇಕು. ಎಂಥೆಂಥದೋ ಸೆಟ್ಟನ್ನು ಆನ್‌ಲೈನಿನಲ್ಲಿ ಮಾರುವುದು ಮಿತಿಮೀರಿದ್ದಕ್ಕೆ 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟು, ಮಾರ್ಗಸೂಚಿಯನ್ನೂ ತಂದಿತು. ಕೊಳ್ಳುವ ಮುಂಚೆ ಫ್ರೀಕ್ವೆನ್ಸಿ, ಇಟಿಎ ಎರಡನ್ನೂ ನೋಡಿ.

ಅಕ್ಕನ ಮನೆಯಿಂದ ತೋಟಕ್ಕೆ ಇದು ಸಾಕಾಗಬಹುದು. ಗುಡ್ಡ ದಾಟಿ ಭಾವನ ಮನೆಗೆ ಹೋಗುವುದಿಲ್ಲ. ಮತ್ತೆ, ಸೆಟ್ಟಿನ ಮೇಲೆ ಪ್ರೈವಸಿ ಕೋಡ್ ಅಂತ ಬರೆದಿರುತ್ತದೆ, ಅದನ್ನು ನಂಬಬೇಡಿ. ಬೇರೆಯವರ ಮಾತು ನಿಮ್ಮ ಸ್ಪೀಕರಿಗೆ ಬರದಂತೆ ಅದು ತಡೆಯುತ್ತದೆ, ನಿಮ್ಮ ಮಾತು ಬೇರೆಯವರು ಕೇಳದಂತೆ ತಡೆಯುವುದಿಲ್ಲ.

ಬೈತಖೋಲ ಬೋಟು
ಕಾರವಾರದಿಂದ ಬರೀತಿದ್ದೇನೆ. ನಮಗೆ ದಿನಾ ವೈರ್‌ಲೆಸ್ಸೇ ಆಧಾರ. ದಡ ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಮೊಬೈಲು ಬರೀ ಕ್ಯಾಮೆರಾ. ಬೋಟಿನ ವಿಎಚ್‌ಎಫ್ ಸೆಟ್ಟಲ್ಲಿ ಚಾನೆಲ್ 16 ತೆರೆದೇ ಇಡಬೇಕು, ಆಪತ್ತಿಗೆ ಅದೇ. ಮೀನು ಎಲ್ಲಿ ಬಿದ್ದಿದೆ ಅಂತ ಬೋಟು ನಡೆಸುವ ತಾಂಡೇಲರು ಬೇರೆ ಚಾನೆಲ್ಲಿಗೆ ಹೋಗಿ ಮಾತಾಡ್ತಾರೆ, ಆದರೂ ಪಕ್ಕದ ಬೋಟಿನವನು ಕೇಳಿಯೇ ಕೇಳ್ತಾನೆ. ರೇಡಿಯೋದಲ್ಲಿ ಗುಟ್ಟು ಅಂತ ಇಲ್ಲ ಅನ್ನೋದು ನಮಗೆ ಹೊಟ್ಟೆಪಾಡಿನಿಂದ ಗೊತ್ತು. ಹಡಗಿನ ಸೆಟ್ ತಂದು ಗುಡ್ಡದ ಮೇಲೆ ಮಾತ್ರ ಬಳಸಬೇಡಿ, ಅದು ಸಮುದ್ರಕ್ಕೆ ಮೀಸಲು.

ಆದರೆ ಇಲ್ಲಿ ಎಲ್ಲರೂ ‘ನಾನು ಎಲ್ಲಿದ್ದೇನೆ ಅಂತ ಯಾರಿಗೂ ತಿಳಿಯಬಾರದು’ ಅಂತಿದ್ದೀರಲ್ಲ, ಆ ಮಾತು ಕಡಲಿನವರಿಗೆ ಹೊಂದೋದಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟು ಏಳು ಜನರ ಸಮೇತ ಕಾಣೆಯಾಯಿತು. ಅದರಲ್ಲಿ ನಮ್ಮ ಜಿಲ್ಲೆಯವರೂ ಇದ್ದರು. ಅವಶೇಷ ಸಿಕ್ಕಿದ್ದು ಮರುವರ್ಷ ಮೇ ತಿಂಗಳಿನಲ್ಲಿ, ಮಹಾರಾಷ್ಟ್ರದ ಮಾಲ್ವಣದ ಕಡೆ ಸಮುದ್ರದ ತಳದಲ್ಲಿ. ಅಷ್ಟು ತಿಂಗಳು ಆ ಮನೆಗಳವರು ಹೇಗೆ ಕಾದಿರಬಹುದು ಯೋಚನೆ ಮಾಡಿ. ಈಗ ಒಂದು ಲಕ್ಷ ಬೋಟುಗಳಿಗೆ ಇಸ್ರೋ ಟ್ರಾನ್ಸ್‌ಪಾಂಡರ್ ಕೊಡುವ ಯೋಜನೆ ಬಂದಿದೆ, ಉಪಗ್ರಹದ ಮೂಲಕ ಎರಡೂ ಕಡೆಗೆ ಮೆಸೇಜು ಹೋಗ್ತದೆ. ಸರಕಾರಕ್ಕೆ ನಮ್ಮ ಜಾಗ ಗೊತ್ತಾಗ್ತದೆ ಅಂತ ಕೆಲವರು ಹಿಂಜರೀತಾರೆ. ನಾನಂತೂ ಗೊತ್ತಾಗಲಿ ಅಂತೇನೆ.

ಘಟ್ಟದ ಮೇಲಿನ ಮನೆ
ನಿಮ್ಮ ಮಾತು ನಿಜ. ಆಪತ್ತಿನಲ್ಲಿ ಹುಡುಕುವವರಿಗೆ ಜಾಗ ತಿಳಿಯಬೇಕು, ಅದನ್ನು ಬೇಡ ಅನ್ನುತ್ತಿಲ್ಲ. ಯಾರಿಗೆ, ಯಾವಾಗ ತಿಳಿಸಬೇಕು ಎಂಬುದು ನನ್ನ ಕೈಯಲ್ಲಿರಬೇಕು ಎಂಬುದಷ್ಟೇ ನನ್ನ ಹಟ. ಜಾಹೀರಾತು ಮಾರುವವನಿಗೆ ಯಾಕೆ ಗೊತ್ತಾಗಬೇಕು?

ಹಳೇ ಲೈನ್‌ಮನ್
ಈ ಚರ್ಚೆ ನೋಡಿ ಲ್ಯಾಂಡ್‌ಲೈನ್ ನೆನಪಾಯ್ತು. ಎಕ್ಸ್‌ಚೇಂಜಿನಲ್ಲಿ 48 ವೋಲ್ಟಿನ ಬ್ಯಾಟರಿ ಸಾಲು ಇರ್ತಿತ್ತು, ಅಲ್ಲಿಂದಲೇ ತಂತಿಯ ಮೇಲೆ ನಿಮ್ಮ ಮನೆ ಫೋನಿಗೆ ಕರೆಂಟು. ಅದಕ್ಕೇ ಊರೆಲ್ಲ ಕತ್ತಲಾದರೂ ಫೋನ್ ಬಾರಿಸ್ತಿತ್ತು. ಮಳೆಗಾಲದಲ್ಲಿ ತಂತಿ ಹರಿದರೆ ಕಂಬಳಿಕೊಪ್ಪೆ ಹೊದ್ದು ಹೋಗಿ ಗಂಟು ಹಾಕ್ತಿದ್ದೆವು. ಆಮೇಲೆ ಮಲೆನಾಡಿಗೆ ತಂತಿಯಿಲ್ಲದ ಫೋನು ಡಬ್ಲ್ಯುಎಲ್‌ಎಲ್ ಬಂತು, ಹೆಂಚಿನ ಮೇಲೊಂದು ಆಂಟೆನಾ. ಅದೂ ಹೋಯ್ತು.

ಒಂದು ಮಾತು ಹೇಳ್ತೆ. ಮನೆಯಿಂದ ತೋಟದ ಪಂಪ್‌ಹೌಸಿಗೆ ಎರಡೆಳೆ ತಂತಿ ಎಳೆದು, ಎರಡು ಹಳೇ ಫೋನಿನ ನಡುವೆ ಬ್ಯಾಟರಿ ಸೇರಿಸಿದರೆ ಮಾತು ಸ್ಪಷ್ಟ ಕೇಳ್ತದೆ. ಗಂಟೆ ಬಾರಿಸೋದಕ್ಕೆ ಮಾತ್ರ ಬೇರೆ ಒಂದು ಬೆಲ್ ಬೇಕು. ತಂತಿ ಮುಟ್ಟದೆ ಯಾರಿಗೂ ಕದ್ದು ಕೇಳೋಕಾಗೋದಿಲ್ಲ.

ಸಿದ್ದಾಪುರದವ, ಸದ್ಯ ಬೆಂಗಳೂರು
ಹಿರಿಯರೇ, ಉಪಾಯ ಚೆನ್ನಾಗಿದೆ. ಆದರೆ ಅಡಕೆ ಸೋಗೆ ಬಿದ್ದು ಹರಿಯುವುದು, ಮಂಗ ಎಳೆಯುವುದು ದಿನದ ಗೋಳು. ಮುಂಗಾರು ಹಿಡಿಯುವ ಮುಂಚಿನ ಸಿಡಿಲಿಗೆ ಉದ್ದ ತಂತಿ ಮನೆಯೊಳಗೆ ಬಂದಿರುವುದೂ ಅಪಾಯ.

ಹಳೇ ಲೈನ್‌ಮನ್
ನೆಲದಡಿ ಪೈಪಿನಲ್ಲಿ ಹಾಕಿ. ಡ್ರಿಪ್ ಪೈಪ್ ಹಾಕಲು ಹೊಂಡ ತೆಗೆಯೋದಿಲ್ಲವೇ? ಸಿಡಿಲಿನ ಹೊತ್ತಿಗೆ ಪ್ಲಗ್ ಕಿತ್ತಿಡಬೇಕು, ಅದು ಹೌದು.

ಗೋಕರ್ಣ ಕಡಲು
ನಮ್ಮಜ್ಜ ಗುಡ್ಡದ ಮೇಲೆ ನಿಂತು ಒಂದು ಕೂ ಹಾಕಿದರೆ ಗದ್ದೆಯಲ್ಲಿದ್ದವರು ತಿರುಗಿ ಕೂ ಅಂತಿದ್ರು. ಊಟಕ್ಕೆ ಒಂದು ಥರ, ಹಾವು ಕಚ್ಚಿದರೆ ಇನ್ನೊಂದು ಥರ.

ಕುಮಟೆ ಪೇಟೆ
ಈಗ ಪಂಪ್‌ಸೆಟ್ಟು, ಕಳೆ ಕತ್ತರಿಸುವ ಮೆಷಿನ್ನಿನ ಸದ್ದಿಗೆ ಯಾರ ಕೂ ಯಾರಿಗೂ ಕೇಳೋದಿಲ್ಲ. ವಿಷಯಕ್ಕೆ ಬನ್ನಿ. ಬ್ಲೂಟೂತಿನಲ್ಲೇ ಮೆಸೇಜು ಹೋಗೋ ಆ್ಯಪ್ ಇದೆಯಂತಲ್ಲ?

ಸಿದ್ದಾಪುರದವ, ಸದ್ಯ ಬೆಂಗಳೂರು
ಬ್ರಯರ್ ಅಂತ ಒಂದು, 2025ರ ಜುಲೈನಲ್ಲಿ ಟ್ವಿಟರ್ ಕಟ್ಟಿದವರಲ್ಲೊಬ್ಬನಾದ ಜಾಕ್ ಡಾರ್ಸಿ ಬಿಟ್ಟ ಬಿಟ್‌ಚಾಟ್ ಅಂತ ಇನ್ನೊಂದು. ಬ್ರಯರ್ ಸೇರಿದಂತೆ 14 ಆ್ಯಪುಗಳನ್ನು 2023ರಲ್ಲಿ ಸರಕಾರ ನಿರ್ಬಂಧಿಸಿದೆ. ಅದಿರಲಿ, ಬ್ಲೂಟೂತ್ ಹೋಗುವುದು ಹತ್ತಾರು ಮೀಟರ್ ಅಷ್ಟೇ. ಜಾತ್ರೆಯಲ್ಲಿ ಗುಂಪು ಇದ್ದರೆ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಘಟ್ಟದ ಒಂಟಿ ಮನೆಗೆ ದಾಟಿಸುವವರು ಯಾರು? ಎಲ್ಲಕ್ಕಿಂತ ಮುಖ್ಯ, ಅದಕ್ಕೂ ಸ್ಮಾರ್ಟ್‌ಫೋನೇ ಬೇಕು.

ಈಗ ಅಕ್ಕ ಕೇಳಿದ ಲೋರಾ ವಿಷಯ. ನನಗೆ ಕೈಯಲ್ಲಿ ಹಿಡಿದು ಗೊತ್ತಿರುವುದು ಇದೇ.

ಮೆಶ್‌ಟಾಸ್ಟಿಕ್ ಅಂತ ಲೋರಾ ಬೋರ್ಡಿನ ಮೇಲೆ ಓಡುವ ಮುಕ್ತ ತಂತ್ರಾಂಶ, 2020ರಲ್ಲಿ ಶುರುವಾದದ್ದು. ಬೆಂಕಿಪೆಟ್ಟಿಗೆಯಷ್ಟು ಬೋರ್ಡು, ಗೇಣುದ್ದದ ಆಂಟೆನಾ, ಒಂದು 18650 ಅಂತ ಕರೆಯುವ ಚಾರ್ಜ್ ಮಾಡಬಹುದಾದ ಬ್ಯಾಟರಿ. ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್ 2005ರಿಂದಲೇ ಲೈಸೆನ್ಸ್ ಬೇಡದ ತರಂಗಪಟ್ಟಿ, ಇದು ಅದರಲ್ಲೇ ಓಡುತ್ತದೆ. ಧ್ವನಿ ಹೋಗುವುದಿಲ್ಲ, ಅಕ್ಷರ ಮಾತ್ರ. ವೇಗ ಸೆಕೆಂಡಿಗೆ ಸುಮಾರು ಒಂದು ಕಿಲೋಬಿಟ್. ಅಷ್ಟು ನಿಧಾನವಾಗಿ ಹೋಗುವುದರಿಂದಲೇ ಗದ್ದಲಕ್ಕಿಂತ ಕ್ಷೀಣವಾದ ಸಿಗ್ನಲನ್ನೂ ಆ ಕಡೆಯ ಡಬ್ಬಿ ಹೆಕ್ಕಿಕೊಳ್ಳುತ್ತದೆ. ಒಂದು ಡಬ್ಬಿಗೆ ಸಿಕ್ಕಿದ್ದನ್ನು ಅದು ಮುಂದಿನದಕ್ಕೆ ದಾಟಿಸುತ್ತದೆ, ಸೆಟ್ಟಿಂಗ್ ಬದಲಿಸದಿದ್ದರೆ ಮೂರು ಸಲ, ಹೆಚ್ಚೆಂದರೆ ಏಳು. ಟವರೂ ಬೇಡ, ಸಿಮ್ಮೂ ಬೇಡ, ತಿಂಗಳ ರೀಚಾರ್ಜೂ ಇಲ್ಲ.

ಕನ್ನಡದಲ್ಲಿ ಬರೆಯುವವರು ಒಂದು ಗಮನಿಸಿ. ಒಂದು ಮೆಸೇಜಿಗೆ ಸುಮಾರು 200 ಬೈಟ್ ಜಾಗ. ಕನ್ನಡದ ಒಂದೊಂದು ವ್ಯಂಜನಕ್ಕೂ, ಕೊಂಬು, ದೀರ್ಘ, ಒತ್ತಿನ ಚಿಹ್ನೆಗೂ ಮೂರು ಮೂರು ಬೈಟ್. ‘ತೋಟಕ್ಕೆ ಬಾ’ ಅಂದರೆ 28 ಬೈಟ್ ಆಗಿಹೋಯಿತು. ಅದನ್ನೇ ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಹತ್ತು. ಡಬ್ಬಿಯ ಸಣ್ಣ ಪರದೆಯಲ್ಲಿ ಕನ್ನಡ ಮೂಡುವುದೂ ಇಲ್ಲ. ನನಗೆ ಇದು ಬಹಳ ಬೇಸರದ ವಿಷಯ, ಯಾರಾದರೂ ಕನ್ನಡದ ಹುಡುಗರು ಕೂತು ಸರಿಮಾಡಬೇಕು.

ಘಟ್ಟದ ಮೇಲಿನ ಮನೆ
ಆದರೆ ಇದನ್ನೂ ಫೋನಿಗೆ ಜೋಡಿಸಿಯೇ ಬರೆಯಬೇಕು ಅಂತ ಕೇಳಿದ್ದೆ? ಮತ್ತೆ ಫೋನೇ ಆಯಿತಲ್ಲ.

ಸಿದ್ದಾಪುರದವ, ಸದ್ಯ ಬೆಂಗಳೂರು
ಸಾಮಾನ್ಯ ಬೋರ್ಡಿಗೆ ಹೌದು. ಬ್ಲೂಟೂತಿನಲ್ಲಿ ಫೋನ್ ಜೋಡಿಸಬೇಕು. ಸಿಮ್ ತೆಗೆದ ಹಳೇ ಫೋನೂ ಆಗುತ್ತದೆ. ಟಿ-ಡೆಕ್ ಅಂತ ಕೀಲಿಮಣೆ, ಪರದೆ ಕೂಡಿಯೇ ಬರುವ ಸಾಧನ ಇದೆ, ಅದಕ್ಕೆ ಫೋನ್ ಬೇಡವೇ ಬೇಡ. ಅತ್ತೆಯವರಿಗೆ ಇನ್ನೊಂದು ದಾರಿ: ಮೊದಲೇ ಬರೆದಿಟ್ಟ ನಾಲ್ಕೈದು ಮೆಸೇಜು, ಗುಂಡಿ ತಿರುಗಿಸಿ ಒತ್ತುವುದು. ‘ಮನೆಗೆ ಬಾ’, ‘ಡಾಕ್ಟರು ಬೇಕು’, ‘ಎಲ್ಲ ಸರಿ’ ಇಷ್ಟಿದ್ದರೆ ಸಾಕಲ್ಲ.

ಹೊನ್ನಾವರ ಹ್ಯಾಮ್
ಲೋರಾಗೆ ನನ್ನ ವಿರೋಧವಿಲ್ಲ, ಆದರೆ ಅದರ ಬಗ್ಗೆ ಹೇಳುವ ದೂರವನ್ನು ನಂಬಿ ದುಡ್ಡು ಹಾಕಬೇಡಿ. ಗುಡ್ಡದಿಂದ ಗುಡ್ಡಕ್ಕೆ ನೇರ ಕಂಡರೆ ಹತ್ತಾರು ಕಿಲೋಮೀಟರ್ ಹೋಗುವುದು ನಿಜ. ಆಷಾಢದ ಮಳೆಯಲ್ಲಿ ನೆನೆದ ಅಡಕೆ ತೋಟದೊಳಗೆ ಒದ್ದೆ ಎಲೆಗಳೇ ಸಿಗ್ನಲ್ ಕುಡಿದುಬಿಡುತ್ತವೆ. ಕಣಿವೆಯಲ್ಲಿ ನಿಂತವರಿಗೂ ಗುಡ್ಡದ ಆಚೆಯವರಿಗೂ ಎರಡಕ್ಕೂ ಕಾಣುವ ಎತ್ತರದಲ್ಲಿ ಮೂರನೇ ಡಬ್ಬಿ ಇಲ್ಲದೆ ಆಗುವುದಿಲ್ಲ. ಆ ಮೂರನೆಯದರ ಜಾಗವೇ ನಿಮ್ಮ ಇಡೀ ಪ್ರಶ್ನೆ.

ಘಟ್ಟದ ಮೇಲಿನ ಮನೆ
ಗುಡ್ಡದ ನೆತ್ತಿ ನಮ್ಮ ಸೊಪ್ಪಿನ ಬೆಟ್ಟದಲ್ಲೇ ಬರುತ್ತದೆ. ಅಲ್ಲಿ ಒಂದು ಹೊನ್ನೆ ಮರ ಇದೆ, ಎರಡೂ ಕಡೆ ಕಾಣುತ್ತದೆ. ಅಲ್ಲೇ ಕಟ್ಟಬಹುದಲ್ಲ?

ಅಂಕೋಲೆ ಮಾಸ್ತರು
ತಂಗಿ, ಸೊಪ್ಪಿನ ಬೆಟ್ಟ ನಿಮ್ಮ ಮಾಲ್ಕಿ ಅಲ್ಲ. ತೋಟಕ್ಕೆ ಸೊಪ್ಪು, ದರಕು ತರುವ ಸವಲತ್ತು ಮಾತ್ರ ನಿಮ್ಮದು, ನೆಲ ಅರಣ್ಯದ್ದು. ಅಲ್ಲಿ ಆಂಟೆನಾ, ಸೋಲಾರ್ ಕಟ್ಟಿದರೆ ಗಾರ್ಡು ಕೇಳದೆ ಬಿಡುವುದಿಲ್ಲ, ಕೇಳಿದರೆ ತಪ್ಪೂ ಅಲ್ಲ. ಅನುಮತಿ ಇಲ್ಲದೆ ಬೇಡ.

ಯಲ್ಲಾಪುರ ಹುಡುಗ
ಇಷ್ಟು ಸಣ್ಣ ಡಬ್ಬಿ ಯಾರು ನೋಡ್ತಾರೆ ಮಾಸ್ತರೆ?

ಅಂಕೋಲೆ ಮಾಸ್ತರು
ನೋಡುವುದಿಲ್ಲ ಅಂತ ಕಟ್ಟುವುದು, ನಾಳೆ ಕಾಡಿನಲ್ಲಿ ಅನುಮಾನದ ಸಾಧನ ಸಿಕ್ಕಿತು ಅಂತ ಸುದ್ದಿಯಾಗುವುದು. ಖಾಸಗಿತನ ಕೇಳುವವರು ಕಾನೂನಿನಲ್ಲಿ ಚೊಕ್ಕ ಇರಬೇಕಪ್ಪಾ. ಮೇಲಿನ ಕೇರಿಯಲ್ಲಿ ಎತ್ತರದ ಮನೆ ಯಾರದಾದರೂ ಇದ್ದರೆ ಅವರ ಹೆಂಚಿನ ಮೇಲೆ ಇಡಲಿ.

ಘಟ್ಟದ ಮೇಲಿನ ಮನೆ
ಇದೆ. ಭಾವನ ಮನೆಯ ಹಿಂದಿನ ಏರಿನಲ್ಲಿ ಒಂದು ಮನೆ. ಅಲ್ಲಿಂದ ನಮ್ಮ ಅಂಗಳ ಕಾಣುತ್ತದೆ, ತೋಟದ ತಲೆ ಭಾಗವೂ ಕಾಣುತ್ತದೆ. ಅವರ ಹತ್ತಿರ ಕೇಳುತ್ತೇನೆ. ಆದರೆ ಮಳೆಗಾಲದಲ್ಲಿ ಸೋಲಾರ್ ನಂಬಬಹುದೇ? ಇಲ್ಲಿ ಬಿಸಿಲು ಮುಖ ತೋರಿಸುವುದೇ ಅಪರೂಪ.

ಸಿದ್ದಾಪುರದವ, ಸದ್ಯ ಬೆಂಗಳೂರು
ಚಿಪ್ ನೋಡಿ ಕೊಳ್ಳಿ. ಇಎಸ್‌ಪಿ32 ಇರುವುದು ಅಗ್ಗ, ಆದರೆ ಕರೆಂಟು ಜಾಸ್ತಿ ನುಂಗುತ್ತದೆ, ಒಂದು ಬ್ಯಾಟರಿಗೆ ಒಂದೂವರೆ ದಿನ ಅಂದುಕೊಳ್ಳಿ. ಎನ್‌ಆರ್‌ಎಫ್52 ಇರುವುದು, ರಾಕ್ ಕಂಪನಿಯ ಬೋರ್ಡಿನಂಥದ್ದು, ಅದೇ ಬ್ಯಾಟರಿಯಲ್ಲಿ ವಾರ ಬರುತ್ತದೆ. ಎತ್ತರದ ಮನೆಗೆ ಎರಡನೆಯದೇ ಸರಿ. ಮನೆಯೇ ಆದ್ದರಿಂದ ಇನ್ವರ್ಟರಿನಿಂದ ಚಾರ್ಜು ಮಾಡಿಕೊಳ್ಳಬಹುದು, ಸೋಲಾರಿನ ಗೊಡವೆಯೇ ಬೇಡ.

ಬೈತಖೋಲ ಬೋಟು
ಡಬ್ಬಿಗೆ ನೀರು ಹೋಗದಂತೆ ಮಾಡೋದು ಮರೀಬೇಡಿ. ಆಂಟೆನಾ ತಿರುಪಿನ ಜಾಗಕ್ಕೆ ರಬ್ಬರ್ ಟೇಪು ಸುತ್ತಿ, ಅದರ ಮೇಲೆ ಇನ್ನೊಂದು ಪಟ್ಟು ಇನ್ಸುಲೇಶನ್ ಟೇಪು. ಕೇಬಲ್ ಡಬ್ಬಿಗೆ ಕೆಳಗಿನಿಂದ ಹೋಗ್ಬೇಕು, ಮೇಲಿಂದ ಅಲ್ಲ. ನಮ್ಮ ಬೋಟಿನ ಆಂಟೆನಾ ಹಾಳಾಗೋದು ಯಾವಾಗಲೂ ಆ ತಿರುಪಿನಲ್ಲೇ, ಹಸಿರು ಕಿಲುಬು ಹಿಡಿದು.

ಕುಮಟೆ ಪೇಟೆ
ಲೋರಾ ನಿಜವಾಗಿ ಖಾಸಗಿಯೋ? ರೇಡಿಯೋದಲ್ಲಿ ಗುಟ್ಟಿಲ್ಲ ಅಂತ ಈಗಷ್ಟೇ ಬೋಟಿನವರು ಅಂದ್ರು.

ಸಿದ್ದಾಪುರದವ, ಸದ್ಯ ಬೆಂಗಳೂರು
ಮಾತಿನ ಒಳಗು ಖಾಸಗಿ, ಹೊರಗು ಅಲ್ಲ. ನೀವೇ ಕೀಲಿ ಹಾಕಿಕೊಂಡ ಚಾನೆಲ್ಲಿಗೆ ಎಇಎಸ್-256 ಗೂಢಲಿಪಿ ಇದೆ, ಕೀಲಿ ಇಲ್ಲದವರಿಗೆ ಓದಲು ಬರುವುದಿಲ್ಲ. ಆದರೆ ಡಬ್ಬಿ ಜತೆಗೇ ಬರುವ ಚಾನೆಲ್ಲಿನ ಕೀಲಿ ಜಗತ್ತಿಗೆಲ್ಲ ಗೊತ್ತು. ಅದರಲ್ಲೇ ಬರೆಯುತ್ತ ಕೂತರೆ ಊರ ಚಾವಡಿಯಲ್ಲಿ ಮಾತಾಡಿದ ಹಾಗೆ. ಇನ್ನು ಯಾವ ಡಬ್ಬಿಯಿಂದ ಯಾವ ಡಬ್ಬಿಗೆ ಎಂಬ ವಿಳಾಸ ತೆರೆದೇ ಹೋಗುತ್ತದೆ. ಉಪಕರಣ ಇರುವವರು ಅಲೆ ಯಾವ ದಿಕ್ಕಿನಿಂದ ಬಂತು ಅಂತಲೂ ಹಿಡಿಯಬಹುದು. ಜಿಪಿಎಸ್ ಹಂಚಿಕೆ ಆಫ್ ಇಡಿ, ಡಬ್ಬಿಗೆ ಮನೆತನದ ಹೆಸರು ಇಡಬೇಡಿ.

ಜಾಗವನ್ನೇ ಬಿಟ್ಟುಕೊಡದ ಸಾಧನ ಅಂದರೆ ಹಳೇ ಪೇಜರ್. ಬರೀ ಕೇಳಿಸಿಕೊಳ್ಳುತ್ತಿತ್ತು, ತಾನಾಗಿ ಅಲೆ ಬಿಡುತ್ತಿರಲಿಲ್ಲ. 1995ರಲ್ಲಿ ನಮ್ಮ ದೇಶಕ್ಕೆ ಬಂತು, ಮೊಬೈಲು ಅಗ್ಗವಾದ ಕೂಡಲೇ ಮಾಯ.

ಹೊನ್ನಾವರ ಹ್ಯಾಮ್
ಅಕ್ಕನ ಮನೆಯ ಮಟ್ಟಿಗೆ ಲೋರಾ ಆಯಿತು. ಊರಿನ ಮಟ್ಟಿಗೆ ಅದು ಸಾಲದು ಅಂತ ನನ್ನ ವಾದ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. 2021ರಲ್ಲಿ ಕಳಚೆಯಲ್ಲಿ ಗುಡ್ಡ ಕುಸಿಯಿತು, ಗುಳ್ಳಾಪುರದ ಸೇತುವೆ ಕೊಚ್ಚಿ ಹೋಯಿತು. ಇಂಥ ಹೊತ್ತಿನಲ್ಲಿ ಕಣಿವೆಯಾಚೆಯ ಜಿಲ್ಲಾ ಕೇಂದ್ರಕ್ಕೆ ಬಾಯಿಮಾತಿನಲ್ಲಿ ಸುದ್ದಿ ಕೊಡುವವರು ಬೇಕು. 2004ರ ಸುನಾಮಿಯಲ್ಲಿ ಅಂಡಮಾನಿನಿಂದ ಹೊರಜಗತ್ತಿಗೆ ಸಂದೇಶ ದಾಟಿಸಿದ್ದು ಹ್ಯಾಮ್‌ಗಳೇ. 12 ವರ್ಷ ತುಂಬಿದ ಯಾರೂ ಹ್ಯಾಮ್ ಲೈಸೆನ್ಸಿನ ಪರೀಕ್ಷೆ ಕಟ್ಟಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಎಂಬ ಚುಕ್ಕೆ-ಗೆರೆಯ ಸಂಕೇತ ಕೂಡ ಬೇಡ. ಹೈಸ್ಕೂಲಿನ ವಿಜ್ಞಾನ ಬಂದರೆ ಓದಿ ಮುಗಿಸಬಹುದು.

ಸಿದ್ದಾಪುರದವ, ಸದ್ಯ ಬೆಂಗಳೂರು
ಆದರೆ ಹ್ಯಾಮಿನಲ್ಲಿ ಗೂಢಲಿಪಿ ನಿಷಿದ್ಧ, ವ್ಯಾಪಾರದ ಮಾತೂ ಆಡುವಂತಿಲ್ಲ. ಕರೆಚಿಹ್ನೆ ಹೇಳಿಯೇ ಮಾತಾಡಬೇಕು. ಅಕ್ಕ ಕೇಳಿದ ಖಾಸಗಿತನಕ್ಕೆ ಅದು ನೇರ ವಿರುದ್ಧ.

ಹೊನ್ನಾವರ ಹ್ಯಾಮ್
ಒಪ್ಪಿದೆ, ಅದಕ್ಕೇ ಊರಿನ ಮಟ್ಟಿಗೆ ಅಂದೆ. ಮನೆಯ ಮಾತಿಗೆ ಡಬ್ಬಿ, ಆಪತ್ತಿನ ಕೂಗಿಗೆ ಹ್ಯಾಮ್. ಕೇರಿಗೆ ಒಬ್ಬರಾದರೂ ಲೈಸೆನ್ಸ್ ತೆಗೆದುಕೊಳ್ಳಿ. ಮಾಸ್ತರೆ, ನಿಮ್ಮ ಶಾಲೆ ಮಕ್ಕಳಿಗೆ ಹೇಳಿಕೊಡಲು ನಾನು ಅಂಕೋಲೆಗೆ ಬರುತ್ತೇನೆ.

ಅಂಕೋಲೆ ಮಾಸ್ತರು
ಅವಶ್ಯ ಬನ್ನಿ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಕೂರಿಸೋಣ.

ಘಟ್ಟದ ಮೇಲಿನ ಮನೆ
ಎಲ್ಲರಿಗೂ ಧನ್ಯವಾದ. ಸದ್ಯಕ್ಕೆ ಹೀಗೆ ಮಾಡುತ್ತೇವೆ: ನಮ್ಮ ಮನೆ, ಭಾವನ ಮನೆ, ಆ ಏರಿನ ಮನೆ, ಮೂರು ಕಡೆ ಲೋರಾ. ಪಂಪ್‌ಹೌಸಿಗೆ ಲೈನ್‌ಮನ್ನರು ಹೇಳಿದ ತಂತಿ, ನೆಲದಡಿ. ಮೊದಲು ಎರಡೇ ಡಬ್ಬಿ ತರಿಸಿ ಮಳೆ ಹಿಡಿದ ಮೇಲೆಯೇ ನೋಡುತ್ತೇವೆ, ಬೇಸಿಗೆಯಲ್ಲಿ ನೋಡಿದರೆ ಪ್ರಯೋಜನವಿಲ್ಲ ಎಂಬುದು ಅರ್ಥವಾಯಿತು. ಡಬ್ಬಿ ಕೈಗೆ ಬಂದ ಕೂಡಲೇ ಏನು ಮಾಡಬೇಕು?

ಸಿದ್ದಾಪುರದವ, ಸದ್ಯ ಬೆಂಗಳೂರು
ಆಂಟೆನಾ ಬಿಗಿ ಮಾಡದೆ ಸ್ವಿಚ್ ಹಾಕಬೇಡಿ, ಚಿಪ್ ಸುಟ್ಟುಹೋಗಬಹುದು. ಆಮೇಲೆ ಪ್ರದೇಶ ಅಂತ ಕೇಳುವ ಕಡೆ ಭಾರತ ಆರಿಸಿ. ಅಮೆರಿಕದ್ದು ಆರಿಸಿದರೆ 902 ಮೆಗಾಹರ್ಟ್ಸ್ ಮೇಲಕ್ಕೆ ಹೋಗುತ್ತದೆ, ಅದು ಇಲ್ಲಿ ಮೊಬೈಲಿನವರ ತರಂಗಪಟ್ಟಿಯಲ್ಲಿ ಕೈ ಹಾಕಿದ ಹಾಗೆ. ಕೊಳ್ಳುವಾಗಲೇ 868 ಅಂತ ಮಾರುವ ಬೋರ್ಡು (ನಮ್ಮ 865ರಿಂದ 867ಕ್ಕೂ ಅದೇ), ಅದಕ್ಕೇ ತಕ್ಕ ಆಂಟೆನಾ ಅಂತ ಕೇಳಿ ತಗೊಳ್ಳಿ. 433ರದ್ದು ದಾಟಿಸಿಬಿಡುತ್ತಾರೆ. ಚಾನೆಲ್ಲಿನ ಕೀಲಿಯನ್ನು ಮೂರೂ ಡಬ್ಬಿಗೆ ಮನೆಯಲ್ಲೇ ಕೂತು ಹಾಕಿ, ವಾಟ್ಸಾಪಿನಲ್ಲಿ ಕಳಿಸಬೇಡಿ. ಬಿಲ್ಲು, ಇಟಿಎ ಕಾಗದ ಡಬ್ಬಿ ಜತೆಗೇ ಇಟ್ಟುಕೊಳ್ಳಿ.

ಗೋಕರ್ಣ ಕಡಲು
ಅಕ್ಕ, ಮಳೆಯಲ್ಲಿ ಎಷ್ಟು ದೂರ ಹೋಯ್ತು ಅಂತ ಇಲ್ಲೇ ಬರೀರಿ. ನಮ್ಮ ಕಡೆ ಗದ್ದೆ ಬಯಲು, ನಡುವೆ ಗುಡ್ಡ ಕಮ್ಮಿ. ನಿಮ್ಮಲ್ಲಿ ಆದರೆ ಇಲ್ಲೂ ನಾಲ್ಕು ಮನೆಯವರು ಸೇರಿ ತರಿಸೋ ವಿಚಾರ ಇದೆ.